ಆ ಒಂದು ಪಾಯಿಂಟ್‌ಗಾಗಿ ಕೇಳಬೇಡಿ

ಖಿನ್ನತೆಯ ಔಷಧಿಯ ಟ್ರಯಲ್ ಒಂದಕ್ಕೆ ಅರ್ಹರೇ ಅಂತ ನೋಡುವ ಸ್ಕ್ರೀನಿಂಗ್ ವಿಸಿಟ್‌ಗೆ ಬಂದವರೊಬ್ಬರ ಮ್ಯಾಡ್ರಸ್ ಸ್ಕೋರ್ 27 ಆಯಿತು. ಖಿನ್ನತೆ ಎಷ್ಟು ತೀವ್ರ ಅಂತ ಹತ್ತು ಐಟಂಗಳಲ್ಲಿ ಅಳೆಯುವ ಸ್ಕೇಲ್ ಅದು. ಟ್ರಯಲ್‌ಗೆ ಸೇರಲು ನಮ್ಮ ಪ್ರೋಟೋಕಾಲ್‌ಗೆ ಬೇಕಾಗಿದ್ದು ಕನಿಷ್ಠ 28. ಆ ಒಂದು ಪಾಯಿಂಟ್‌ನ ಸುತ್ತ ನಡೆದದ್ದನ್ನು ಬರೆಯಬೇಕು ಅಂತ ಬಹಳ ಕಾಲದಿಂದ ಮನಸ್ಸಿನಲ್ಲಿತ್ತು. ಖಿನ್ನತೆಯ ಔಷಧಿಗಳ ಟ್ರಯಲ್‌ಗಳಲ್ಲಿ ರೇಟರ್ ಆಗಿ, ಅಂದರೆ ಪ್ರಶ್ನೆ ಕೇಳಿ ಸ್ಕೋರ್ ಹಾಕುವವರಾಗಿ, ಈಗಷ್ಟೇ ಸೇರಿರುವವರು ಓದಲಿ ಅಂತ ಬರೆಯುತ್ತಿದ್ದೇನೆ. ಆ ವ್ಯಕ್ತಿಯ ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಅವರು ನಡುವಯಸ್ಸಿನವರು. ಎರಡು ಔಷಧಿಗಳನ್ನು ಪೂರ್ತಿ ಡೋಸ್‌ನಲ್ಲಿ, ಸಾಕಷ್ಟು ಕಾಲ ತೆಗೆದುಕೊಂಡಿದ್ದರೂ ಗುಣ ಕಂಡಿರಲಿಲ್ಲ. ಫೈಲ್ ನೀಟಾಗಿ ಜೋಡಿಸಿಕೊಂಡು ಬಂದಿದ್ದರು. ಮ್ಯಾಡ್ರಸ್ ಪ್ರಶ್ನೆಗಳನ್ನು ಹೇಗೆ ಕೇಳಬೇಕು ಅಂತ ಹೇಳುವ ಸಿಗ್ಮಾ ಗೈಡ್ ಹಿಡಿದು ನಾನು ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದೆ. ದುಃಖ, ತಳಮಳ, ನಿದ್ದೆ, ಹಸಿವು, ಏಕಾಗ್ರತೆ, ಎಲ್ಲಕ್ಕೂ ವಿವರವಾಗಿ ಉತ್ತರ ಕೊಟ್ಟರು. ಭವಿಷ್ಯದ ಬಗ್ಗೆ ಕೇಳಿದಾಗ ಗಂಟಲು ಕಟ್ಟಿತು. "ಎಲ್ಲ ನಂದೇ ತಪ್ಪು" ಅಂದರು. ಹತ್ತನೆಯ ಐಟಂಗೆ ಬಂದೆವು. ಬದುಕು ಸಾಕು ಅನಿಸಿದೆಯಾ ಅಂತ ನಾನು ಕೇಳಿ ಮುಗಿಸುವ ಮೊದಲೇ "ಇಲ್ಲ" ಅಂದರು. ಸೊನ್ನೆ ಹಾಕಿದೆ. ಮೊತ್ತ 27.

ಅವರಿಗೆ ನೀರು ಕೊಟ್ಟು ಹೊರಗೆ ಬಂದೆ. ಕೋಆರ್ಡಿನೇಟರ್ ಬಾಗಿಲ ಹತ್ತಿರವೇ ಕಾಯುತ್ತಿದ್ದರು. ಎನ್‌ರೋಲ್‌ಮೆಂಟ್ ಹಿಂದೆ ಬಿದ್ದಿತ್ತು. ಯಾವ ಸೈಟ್ (ಟ್ರಯಲ್ ನಡೆಯುವ ಕೇಂದ್ರ) ಎಷ್ಟು ಜನರನ್ನು ಸೇರಿಸಿದೆ ಅಂತ, ಟ್ರಯಲ್ ಮಾಡಿಸುವ ಸ್ಪಾನ್ಸರ್ ಕಡೆಯಿಂದ ವಾರ ವಾರ ಮೇಲ್ ಬರುತ್ತಿತ್ತು. ನಮ್ಮ ಸೈಟ್ ಕೊನೆಯಲ್ಲಿತ್ತು.

"ಒಂದೇ ಪಾಯಿಂಟ್ ಅಲ್ವಾ? ಐಟಂ ಮೂರು ಇನ್ನೊಂದ್ಸಲ ಕೇಳಿ ನೋಡಿ. ಅವರಿಗೂ ಪಾಪ ಸೇರಬೇಕು ಅಂತಿದೆ."

ಕೋಆರ್ಡಿನೇಟರ್ ಕೆಟ್ಟವರಲ್ಲ. ಪೇಷಂಟ್‌ಗಳ ಮೇಲೆ ನಿಜವಾದ ಕಾಳಜಿ ಇರುವವರು. ಅವರು ಹೇಳಿದ್ದೂ ಸುಳ್ಳಲ್ಲ. ಐಟಂ ಮೂರು ಅಂದರೆ ತಳಮಳ, ಅದಕ್ಕೆ ನಾನು 3 ಕೊಟ್ಟಿದ್ದೆ. 4 ಕೊಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆ ಹೊತ್ತಿನಲ್ಲಿ ಪೇಷಂಟ್‌ಗೆ 28 ಬೇಕಿತ್ತು, ಕೋಆರ್ಡಿನೇಟರ್‌ಗೆ 28 ಬೇಕಿತ್ತು, ಸೈಟ್‌ನಲ್ಲಿ ಟ್ರಯಲ್‌ನ ಹೊಣೆ ಹೊತ್ತ ಡಾಕ್ಟರ್ ಆದ ಪಿಐಗೂ ಸ್ಪಾನ್ಸರ್‌ಗೂ ಬೇಕಿತ್ತು. ಎಲ್ಲರಿಗೂ ಬೇಕಾದ ನಂಬರ್ ಹೇಗೋ ಸಿಕ್ಕಿಬಿಡುತ್ತದೆ. ನಮ್ಮ ಕೆಲಸದ ದೊಡ್ಡ ಅಪಾಯ ಇರುವುದೇ ಇಲ್ಲಿ.

ಹಾಗೆ ಸಿಕ್ಕ ನಂಬರ್ ಮುಂದೆ ಏನು ಮಾಡುತ್ತದೆ ಅಂತ ನೋಡಿ. ನಿಜಕ್ಕೂ 25, 26 ಇರುವವರನ್ನು ತಳ್ಳಿ 28, 29 ಮಾಡಿ ಒಳಗೆ ಬಿಡುತ್ತೇವೆ ಅಂದುಕೊಳ್ಳಿ. ಎರಡು ವಾರ ಬಿಟ್ಟು ಬಂದಾಗ ಸ್ಕೋರ್ ಏರಿಸಲು ಯಾರಿಗೂ ಕಾರಣ ಇರುವುದಿಲ್ಲ. ಅದು ತನ್ನ ಜಾಗಕ್ಕೆ ಇಳಿಯುತ್ತದೆ. ಔಷಧಿ ತೆಗೆದುಕೊಂಡವರಲ್ಲೂ ಇಳಿಯುತ್ತದೆ, ಪ್ಲಸೀಬೊ, ಅಂದರೆ ಔಷಧಿ ಇಲ್ಲದ ಹುಸಿ ಡೋಸ್ ತೆಗೆದುಕೊಂಡವರಲ್ಲೂ ಇಳಿಯುತ್ತದೆ. ಕೊನೆಗೆ ಪ್ಲಸೀಬೊ ತುಂಬಾ ಕೆಲಸ ಮಾಡಿದ ಹಾಗೆ ಕಾಣುತ್ತದೆ, ಔಷಧಿಯ ನಿಜವಾದ ಪರಿಣಾಮ ಅದರ ಕೆಳಗೆ ಹೂತುಹೋಗುತ್ತದೆ. ಮೊದಲೇ ಆ ಪರಿಣಾಮ ದೊಡ್ಡದಲ್ಲ. ಖಿನ್ನತೆಗೆ ಕೊಡುವ ಎಸ್ಕೆಟಮೀನ್ ನೇಸಲ್ ಸ್ಪ್ರೇಗೆ 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅದಕ್ಕೆ ಆಧಾರವಾದ ಟ್ರಾನ್ಸ್‌ಫಾರ್ಮ್-2 ಟ್ರಯಲ್‌ನಲ್ಲಿ ನಾಲ್ಕು ವಾರದ ನಂತರ ಪ್ಲಸೀಬೊಗೂ ಔಷಧಿಗೂ ಇದ್ದ ವ್ಯತ್ಯಾಸ ಮ್ಯಾಡ್ರಸ್‌ನಲ್ಲಿ 4 ಪಾಯಿಂಟ್. 2025ರ ಜೂನ್‌ನಲ್ಲಿ, ಕೆಲವು ಅಣಬೆಗಳಲ್ಲಿರುವ ಸೈಲೊಸೈಬಿನ್ ಅನ್ನು ಖಿನ್ನತೆಗೆ ಕೊಟ್ಟು ನೋಡಿದ ದೊಡ್ಡ ಟ್ರಯಲ್ ಒಂದರ ಫಲಿತಾಂಶ ಬಂತು. 25 ಮಿಲಿಗ್ರಾಂನ ಒಂದೇ ಡೋಸ್, ಆರು ವಾರದ ನಂತರ ವ್ಯತ್ಯಾಸ 3.6 ಪಾಯಿಂಟ್. 60 ಪಾಯಿಂಟ್‌ನ ಸ್ಕೇಲ್‌ನಲ್ಲಿ ಇಷ್ಟು. ಇಡೀ ಕ್ಷೇತ್ರ ಈ ಮೂರು ನಾಲ್ಕು ಪಾಯಿಂಟ್ ಹುಡುಕುತ್ತಿರುವಾಗ, ಇಂಟರ್‌ವ್ಯೂ ರೂಮ್‌ನಲ್ಲಿ ನಾವು "ಒಂದೇ ಪಾಯಿಂಟ್ ಅಲ್ವಾ" ಅನ್ನುವುದು ಸಣ್ಣ ಮಾತಲ್ಲ.

ಆದರೆ ಅವತ್ತು ನನ್ನನ್ನು ತಡೆದದ್ದು ಈ ಲೆಕ್ಕ ಅಲ್ಲ. ಟ್ಯಾಬ್ಲೆಟ್‌ನಲ್ಲಿ ಸ್ಕೋರ್‌ಗಳನ್ನು ಮತ್ತೆ ಮೇಲಿಂದ ನೋಡಿದೆ. ಮೊದಲು ಅನಿಸಿದ್ದು, ಇವರು ಸ್ಕೇಲ್ ಬಗ್ಗೆ ಓದಿಕೊಂಡು ಬಂದು ಕಷ್ಟವನ್ನು ಹೆಚ್ಚು ಮಾಡಿ ಹೇಳುತ್ತಿದ್ದಾರೆ ಅಂತ. ಅಂಥವರು ಬರುತ್ತಾರೆ. ಮತ್ತೆ ನೋಡಿದಾಗ ಬೇರೆಯೇ ಕಂಡಿತು. ನಿರಾಶೆಯ ಐಟಂಗೆ 4, ಅದರ ಕೆಳಗೇ ಸೊನ್ನೆ. ಉಳಿದ ಪ್ರಶ್ನೆಗಳಿಗೆಲ್ಲ ಉದ್ದುದ್ದ ಉತ್ತರ, ಹತ್ತನೆಯದಕ್ಕೆ ಒಂದೇ ಪದ. ಅದೂ ನಾನು ಕೇಳಿ ಮುಗಿಸುವ ಮೊದಲೇ.

"ಐಟಂ ಮೂರು ಕೇಳಲ್ಲ. ಇನ್ನೊಂದು ಮಾತಾಡೋದಿದೆ. ಡಾಕ್ಟರ್ ಎಲ್ಲಿದ್ದಾರೆ ನೋಡಿಟ್ಟುಕೊಳ್ಳಿ" ಅಂತ ಕೋಆರ್ಡಿನೇಟರ್‌ಗೆ ಹೇಳಿ ಒಳಗೆ ಹೋದೆ.

ಟ್ಯಾಬ್ಲೆಟ್ ಮುಚ್ಚಿ ಪಕ್ಕಕ್ಕಿಟ್ಟೆ. ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡೆ. "ಈ ಟ್ರಯಲ್ ಬಗ್ಗೆ ಬರೋಕೆ ಮುಂಚೆ ಓದಿದ್ದೀರಾ?" ಅಂತ ಕೇಳಿದೆ.

"ಓದಿದ್ದೀನಿ ಮೇಡಂ."

"ಯಾರನ್ನು ಸೇರಿಸಿಕೊಳ್ಳಲ್ಲ ಅನ್ನೋದನ್ನೂ ಓದಿದ್ರಾ?"

ಅವರು ಮಾತಾಡಲಿಲ್ಲ. ಕೈಯಲ್ಲಿದ್ದ ಫೈಲ್‌ನ ಅಂಚನ್ನು ಮಡಚುತ್ತಾ ಬಿಡಿಸುತ್ತಾ ಕೂತರು. ಇಂಥ ಹೊತ್ತಿನಲ್ಲಿ ಮೌನ ತುಂಬಬೇಕು ಅಂತ ಬಾಯಿ ತುಡಿಯುತ್ತದೆ. ಸಮಾಧಾನ ಹೇಳಿಬಿಡೋಣ, ಇನ್ನೊಂದು ಪ್ರಶ್ನೆ ಕೇಳಿಬಿಡೋಣ ಅನಿಸುತ್ತದೆ. ಸುಮ್ಮನಿದ್ದೆ. ಹೊರಗೆ ಕಾರಿಡಾರ್‌ನಲ್ಲಿ ಯಾರೋ ಟ್ರಾಲಿ ತಳ್ಳಿಕೊಂಡು ಹೋದರು, ಪ್ರಿಂಟರ್ ಶಬ್ದ ಮಾಡುತ್ತಿತ್ತು. ಅವರು ಎದ್ದು ಹೋಗಿಬಿಟ್ಟರೆ ತಡೆಯುವುದು ಹೇಗೆ ಅಂತ ಒಳಗೊಳಗೇ ಯೋಚಿಸುತ್ತಿದ್ದೆ. ಬಾಗಿಲಿಗೆ ಅಡ್ಡ ಕೂತಿರಲಿಲ್ಲ, ಕೂರಲೂಬಾರದು.

ಆಮೇಲೆ ಅವರೇ ಹೇಳಿದರು. "ಹತ್ತನೇದಕ್ಕೆ ಹೌದು ಅಂದ್ರೆ ವಾಪಸ್ ಕಳಿಸಿಬಿಡ್ತೀರಿ ಅಂತ ಗೊತ್ತು. ನನಗೆ ಉಳಿದಿರೋದು ಇದೊಂದೇ ದಾರಿ."

ನಾನು ನೇರವಾಗಿಯೇ ಕೇಳಿದೆ. "ಸಾಯಬೇಕು ಅಂತ ಯೋಚನೆ ಬರ್ತಿದೆಯಾ?"

"ದಿನಾ ಬರುತ್ತೆ."

ಹೀಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅಂತ ಹೊಸಬರು ಹೆದರುತ್ತಾರೆ. ಆ ಭಯಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ನಾನು ನೋಡಿದ ಮಟ್ಟಿಗೆ, ಹಾಗೆ ಕೇಳಿದಾಗ ಎದುರಿಗಿರುವವರ ಮುಖದಲ್ಲಿ ಹೆಚ್ಚಾಗಿ ಕಾಣುವುದು ನಿರಾಳ. ಇವರ ಭುಜಗಳೂ ಇಳಿದವು. ಆತ್ಮಹತ್ಯೆಯ ಅಪಾಯ ಅಳೆಯುವ ಕೊಲಂಬಿಯಾ ಸ್ಕೇಲ್ ತೆಗೆದು ಒಂದೊಂದಾಗಿ ಕೇಳಿದೆ. ಯೋಚನೆಯಷ್ಟೇ ಅಲ್ಲ, ಉದ್ದೇಶವೂ ಇತ್ತು. ಅಲ್ಲಿಗೆ ಅವರ ಪಾಲಿಗೆ ಟ್ರಯಲ್ ಮುಗಿಯಿತು.

ಪಿಐ ಬೇರೊಂದು ಕಾಲ್‌ನಲ್ಲಿದ್ದರು. ಕೋಆರ್ಡಿನೇಟರ್ ಹೋಗಿ ಆ ಕಾಲ್ ನಿಲ್ಲಿಸಿ ಅವರನ್ನು ಕರೆತಂದರು. ಅದಕ್ಕೆ ಅವರಿಗೆ ನಾನು ಇವತ್ತಿಗೂ ಋಣಿ. ಅಷ್ಟು ಹೊತ್ತೂ ನಾನು ಪೇಷಂಟನ್ನು ಒಬ್ಬರೇ ಬಿಡಲಿಲ್ಲ. ಅವರು ಕೇಳಿದ್ದು ಒಂದೇ. "ನಾನು ಸುಳ್ಳು ಹೇಳಿದ್ದಕ್ಕೆ ಬೇರೆ ಎಲ್ಲೂ ಚಿಕಿತ್ಸೆ ಕೊಡಲ್ವಾ?" ಈ ಪ್ರಶ್ನೆ ನನ್ನನ್ನು ಇನ್ನೂ ಕಾಡುತ್ತದೆ. ಅವರ ಅಕ್ಕನಿಗೆ ಫೋನ್ ಹೋಯಿತು. ಸೇಫ್ಟಿ ಪ್ಲಾನ್ ಬರೆದಾಯಿತು. ಅವತ್ತೇ ವಾರ್ಡ್‌ಗೆ ಸೇರಿಸಿಕೊಂಡರು. ಟ್ರಯಲ್‌ನ ಹೊರಗೆ ಅವರಿಗೆ ಚಿಕಿತ್ಸೆ ಮುಂದುವರಿಯಿತು. ಅದಕ್ಕಿಂತ ಜಾಸ್ತಿ ಹೇಳುವ ಹಕ್ಕು ನನಗಿಲ್ಲ.

ಐಟಂ ಮೂರಕ್ಕೆ 4 ಹಾಕಿದ್ದರೆ ಏನಾಗುತ್ತಿತ್ತು? ಕೊಲಂಬಿಯಾದಲ್ಲೂ ಅವರು "ಇಲ್ಲ" ಅಂತಲೇ ಹೇಳುತ್ತಿದ್ದರು. ವಾಶ್‌ಔಟ್ ಶುರುವಾಗುತ್ತಿತ್ತು. ಅಂದರೆ ತೆಗೆದುಕೊಳ್ಳುತ್ತಿದ್ದ ಔಷಧಿಯೂ ನಿಲ್ಲುತ್ತಿತ್ತು. ಆಮೇಲೆ ಪ್ಲಸೀಬೊ ಬರುವ ಸಾಧ್ಯತೆ ಅರ್ಧಕ್ಕರ್ಧ. ಸಾಯುವ ಯೋಚನೆ ಬಚ್ಚಿಟ್ಟುಕೊಂಡವರೊಬ್ಬರು, ಯಾರಿಗೂ ಗೊತ್ತಿಲ್ಲದೆ, ಮನೆಯಲ್ಲಿ. ಇದನ್ನು ಯೋಚಿಸಿದಾಗೆಲ್ಲ ನನಗೆ ಕೈಕಾಲು ತಣ್ಣಗಾಗುತ್ತದೆ.

ಅವರು ಸುಳ್ಳು ಹೇಳಿದರು ಅಂತ ಬೈಯುವುದು ಸುಲಭ. ಆದರೆ ಸುಳ್ಳು ಹೇಳುವ ಸ್ಥಿತಿ ತಂದದ್ದು ನಾವು. ಖಿನ್ನತೆಯ ಬಹುಪಾಲು ಟ್ರಯಲ್‌ಗಳು ಆತ್ಮಹತ್ಯೆಯ ಅಪಾಯ ಇರುವವರನ್ನು ಹೊರಗಿಡುತ್ತವೆ. ಸುರಕ್ಷತೆಗೆ ಅದು ಬೇಕು, ಒಪ್ಪುತ್ತೇನೆ. ಅದರ ಫಲ ಏನು ಅಂದರೆ, ಅತಿ ಹೆಚ್ಚು ಕಷ್ಟದಲ್ಲಿರುವವರ ಮೇಲೆ ಔಷಧಿ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ನಮಗೆ ಅತಿ ಕಡಿಮೆ ಗೊತ್ತು. ಆಸ್ಪೈರ್ ಹೆಸರಿನ ಎರಡು ಟ್ರಯಲ್‌ಗಳು ಇದನ್ನು ಮುರಿದವು. ಆತ್ಮಹತ್ಯೆಯ ಯೋಚನೆ ತೀವ್ರವಾಗಿದ್ದವರನ್ನೇ ಆಸ್ಪತ್ರೆಗೆ ಸೇರಿಸಿ, ಮಾಮೂಲಿ ಚಿಕಿತ್ಸೆಯನ್ನೂ ಕೊಡುತ್ತಾ, ಎಸ್ಕೆಟಮೀನ್ ನೋಡಿದರು. 24 ಗಂಟೆಯಲ್ಲಿ ಖಿನ್ನತೆಯ ಸ್ಕೋರ್ ಪ್ಲಸೀಬೊಗಿಂತ ಜಾಸ್ತಿ ಇಳಿಯಿತು. ಆತ್ಮಹತ್ಯೆಯ ಯೋಚನೆಯ ತೀವ್ರತೆಯಲ್ಲಿ ಮಾತ್ರ ಸ್ಪಷ್ಟ ವ್ಯತ್ಯಾಸ ಬರಲಿಲ್ಲ, ಎರಡೂ ಗುಂಪಿನಲ್ಲಿ ಕಡಿಮೆಯಾಗಿತ್ತು. 2020ರಲ್ಲಿ ಈ ಬಳಕೆಗೆ ಒಪ್ಪಿಗೆ ಸಿಕ್ಕಾಗ, ಆತ್ಮಹತ್ಯೆ ತಡೆಯುತ್ತದೆ ಎಂದು ಸಾಬೀತಾಗಿಲ್ಲ ಅಂತ ಲೇಬಲ್‌ನಲ್ಲೇ ಬರೆದರು. ಒಳ್ಳೆಯ ಆರೈಕೆಯೊಳಗೆ ಇಂಥವರ ಮೇಲೆ ಟ್ರಯಲ್ ಮಾಡಬಹುದು, ಫಲಿತಾಂಶವನ್ನು ಇದ್ದ ಹಾಗೆ ಹೇಳಬಹುದು ಅಂತ ಇದು ತೋರಿಸಿದೆ. ಇಂಥವು ಇನ್ನೂ ಬೇಕು.

ಇನ್ನೊಂದು, ಆ "ಒಂದೇ ದಾರಿ" ಅನ್ನುವ ಮಾತು. ಹೊಸ ಔಷಧಿಯ ಸುದ್ದಿ ಓದಿ ಬರುವವರ ನಿರೀಕ್ಷೆ ಎಷ್ಟು ಭಾರವಾಗಿರುತ್ತದೆ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಸ್ಟ್ಯಾನ್‌ಫರ್ಡ್‌ನವರು 2023ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಖಿನ್ನತೆ ಇದ್ದು ಬೇರೆ ಕಾರಣಕ್ಕೆ ಆಪರೇಷನ್ ಆಗಬೇಕಿದ್ದ 40 ಜನರಿಗೆ, ಅನಸ್ತೀಸಿಯಾದಲ್ಲಿ ಇರುವಾಗಲೇ ಕೆಟಮೀನ್ (ಎಸ್ಕೆಟಮೀನ್ ಇದರದೇ ಒಂದು ರೂಪ) ಅಥವಾ ಪ್ಲಸೀಬೊ ಕೊಟ್ಟರು. ಎಚ್ಚರ ಇಲ್ಲದ್ದರಿಂದ ಯಾವುದು ಸಿಕ್ಕಿತು ಅಂತ ಯಾರಿಗೂ ಗೊತ್ತಾಗುವಂತಿರಲಿಲ್ಲ. ಎರಡೂ ಗುಂಪಿನವರು ಚೆನ್ನಾಗಿಯೇ ಸುಧಾರಿಸಿದರು, ವ್ಯತ್ಯಾಸ ಕಾಣಲಿಲ್ಲ. ಹೆಚ್ಚು ಸುಧಾರಿಸಿದವರು ತಮಗೆ ಕೆಟಮೀನ್ ಸಿಕ್ಕಿದೆ ಅಂತ ನಂಬುವುದು ಹೆಚ್ಚಾಗಿತ್ತು. ಚಿಕ್ಕ ಅಧ್ಯಯನ, ಅನಸ್ತೀಸಿಯಾದ ಪಾತ್ರವೂ ಇರಬಹುದು. ಆದರೂ ನಿರೀಕ್ಷೆಯ ಬಲ ಎಷ್ಟು ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸೂಚನೆ ನಾನು ಓದಿಲ್ಲ. 2024ರ ಆಗಸ್ಟ್‌ನಲ್ಲಿ ಆಘಾತದ ನಂತರ ಕಾಡುವ ಪಿಟಿಎಸ್‌ಡಿಗೆ ಎಂಡಿಎಂಎ ಎಂಬ ಅಮಲಿನ ಔಷಧಿಯ ಚಿಕಿತ್ಸೆಯನ್ನು ಎಫ್‌ಡಿಎ ಒಪ್ಪಲಿಲ್ಲ. ಅದಕ್ಕೆ ಮುಂಚೆ ಜೂನ್‌ನಲ್ಲಿ ಸಲಹಾ ಸಮಿತಿ, ಪರಿಣಾಮ ಸಾಬೀತಾಗಿಲ್ಲ ಅಂತ 9-2ರಲ್ಲಿ ಮತ ಹಾಕಿತ್ತು. ಔಷಧಿ ಸಿಕ್ಕಿದ್ದು ಭಾಗವಹಿಸಿದವರಿಗೇ ಗೊತ್ತಾಗಿಬಿಡುತ್ತದೆ ಅನ್ನುವುದು ಅಲ್ಲಿ ದೊಡ್ಡ ಚರ್ಚೆಯಾಯಿತು.

ಕಟ್‌ಆಫ್, ಅಂದರೆ ಸೇರಲು ಬೇಕಾದ ಕನಿಷ್ಠ ಸ್ಕೋರ್ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನಾನು ಸ್ಟಾರ್-ಡಿ ಎಂಬ ಖಿನ್ನತೆಯ ಚಿಕಿತ್ಸೆಯ ದೊಡ್ಡ ಅಧ್ಯಯನವನ್ನು ನೆನಪಿಸುತ್ತೇನೆ. ನಾಲ್ಕು ಹಂತದ ಚಿಕಿತ್ಸೆಯಲ್ಲಿ ಸುಮಾರು 67% ಜನ ಗುಣ ಕಾಣುತ್ತಾರೆ ಅಂತ 2006ರಿಂದ ಎಲ್ಲೆಡೆ ಹೇಳಿಕೊಂಡು ಬಂದೆವು. 2023ರಲ್ಲಿ ಬೇರೊಂದು ತಂಡ ಮೂಲ ಪ್ರೋಟೋಕಾಲ್ ಹಿಡಿದು ಮತ್ತೆ ಲೆಕ್ಕ ಹಾಕಿದಾಗ 35% ಬಂತು. ಆರಂಭದ ಸ್ಕೋರ್ ಅರ್ಹತೆಯ ಮಟ್ಟ ಮುಟ್ಟದವರನ್ನು ಲೆಕ್ಕಕ್ಕೆ ಸೇರಿಸಿದ್ದು, ಮುಖ್ಯ ಸ್ಕೇಲ್ ಬಿಟ್ಟು ಬೇರೆ ಸ್ಕೇಲ್ ಬಳಸಿದ್ದು, ಇವೇ ಅವರ ತಕರಾರು. ಮೂಲ ತಂಡ ಅದನ್ನು ಒಪ್ಪಿಲ್ಲ. ಯಾರು ಸರಿ ಅಂತ ತೀರ್ಪು ಕೊಡುವಷ್ಟು ದೊಡ್ಡವಳಲ್ಲ ನಾನು. ಆದರೆ ಜಗಳ ಯಾವುದರ ಮೇಲೆ ನೋಡಿ. ಯಾರನ್ನು ಸೇರಿಸಿದಿರಿ, ಯಾವುದರಿಂದ ಅಳೆದಿರಿ. ನಮ್ಮ ರೂಮ್‌ನಲ್ಲಿ ನಡೆಯುವ ಕೆಲಸವೇ ಅದು.

ನಮ್ಮ ಮ್ಯಾನೇಜ್‌ಮೆಂಟ್ ಬಗ್ಗೆ ಹೇಳದೆ ಬಿಡಲಾರೆ. ಅವರು ಟ್ರಯಲ್‌ಗೆ ಅರ್ಹರಲ್ಲ ಅಂತ ಸ್ಕ್ರೀನ್ ಫೇಲ್ ಎಂಟ್ರಿ ಆದ ಮೇಲೆ ಬಂದ ಮೊದಲ ಪ್ರಶ್ನೆ, ರೇಟರ್ ಗೈಡ್ ಬಿಟ್ಟು ಯಾಕೆ ಮಾತಾಡಿದರು ಅಂತ. ಎರಡನೆಯದು, ಆ ಸ್ಲಾಟ್‌ಗೆ ಇನ್ನೊಬ್ಬರು ಯಾವಾಗ ಅಂತ. ಆ ವ್ಯಕ್ತಿ ಹೇಗಿದ್ದಾರೆ ಅಂತ ಮೀಟಿಂಗ್‌ನಲ್ಲಿ ಯಾರೂ ಕೇಳಲಿಲ್ಲ, ಪಿಐ ಒಬ್ಬರನ್ನು ಬಿಟ್ಟು. ಆ ಟ್ಯಾಬ್ಲೆಟ್ ಬಗ್ಗೆಯೂ ಹೇಳಬೇಕು. ಪ್ರತಿ ಐಟಂ ಹಾಕಿದ ತಕ್ಷಣ ಮೊತ್ತ ಮೂಲೆಯಲ್ಲಿ ಕಾಣುತ್ತಿತ್ತು. ಎಂಟನೆಯ ಐಟಂ ಹೊತ್ತಿಗೇ ರೇಟರ್‌ಗೆ ಇನ್ನೆಷ್ಟು ಬೇಕು ಅಂತ ಗೊತ್ತಾಗಿಬಿಡುತ್ತಿತ್ತು. ಎಷ್ಟೇ ಪ್ರಾಮಾಣಿಕರಾದರೂ ಕಣ್ಣು ಅಲ್ಲಿಗೆ ಹೋಗುತ್ತದೆ. ಇದನ್ನು ಸ್ಪಾನ್ಸರ್‌ಗೆ ಬರೆದು ಕೇಳಿದ ಮೇಲೆ ಮೊತ್ತ ಮರೆಮಾಡಿದರು. ಹೊಸ ಪ್ರೋಟೋಕಾಲ್‌ನಲ್ಲಿ ವಿಡಿಯೋ ಮೂಲಕ, ಸೈಟ್‌ನ ಹೊರಗಿನವರಾದ ಸೆಂಟ್ರಲ್ ರೇಟರ್ ಬರುತ್ತಾರೆ. ಕಟ್‌ಆಫ್ ಎಷ್ಟು, ಇದು ಎಷ್ಟನೆಯ ವಿಸಿಟ್ ಅಂತ ಅವರಿಗೆ ಗೊತ್ತಿರುವುದಿಲ್ಲ. ಒಳ್ಳೆಯದೇ. ಆದರೆ ವಿಡಿಯೋದಲ್ಲಿ ಫೈಲ್‌ನ ಅಂಚು ಮಡಚುವ ಕೈ ಕಾಣುವುದಿಲ್ಲ. ಅದಕ್ಕೆ ರೂಮ್‌ನಲ್ಲಿ ನಮ್ಮವರೊಬ್ಬರು ಇರಲೇಬೇಕು ಅಂತ ಹಠ ಹಿಡಿದೆ, ಅದೂ ಆಯಿತು. ವಾರದ ಎನ್‌ರೋಲ್‌ಮೆಂಟ್ ಪಟ್ಟಿ ರೇಟರ್‌ಗಳಿಗೆ ಕಳಿಸಬೇಡಿ ಅಂತ ಕೇಳಿದ್ದಕ್ಕೆ ಮಾತ್ರ ಇನ್ನೂ ಉತ್ತರ ಬಂದಿಲ್ಲ.

ಇಂಟರ್‌ವ್ಯೂ ಶುರುವಾಗುವ ಮೊದಲು ಹೇಳಲು ಒಂದು ಸಣ್ಣ ಪಠ್ಯ ಬರೆದು ಎಥಿಕ್ಸ್ ಕಮಿಟಿಗೆ ಕಳಿಸಿದೆವು. ಅವರು ಒಪ್ಪಿದರು. ಈಗ ಎಲ್ಲರಿಗೂ ಇದನ್ನು ಹೇಳುತ್ತೇವೆ: "ನಿಮ್ಮ ಯಾವ ಉತ್ತರದಿಂದಲೂ ನಿಮ್ಮ ಚಿಕಿತ್ಸೆ ನಿಲ್ಲುವುದಿಲ್ಲ. ಈ ಟ್ರಯಲ್ ನಿಮಗೆ ಹೊಂದದಿದ್ದರೆ, ಇವತ್ತೇ ನಿಮ್ಮನ್ನು ಡಾಕ್ಟರ್ ಹತ್ತಿರ ನಾವೇ ಕರೆದುಕೊಂಡು ಹೋಗುತ್ತೇವೆ." ಇದು ಬಂದ ಮೇಲೆ ಹತ್ತನೆಯ ಪ್ರಶ್ನೆಗೆ ಜನ ನಿಧಾನವಾಗಿ ಉತ್ತರ ಕೊಡುತ್ತಿದ್ದಾರೆ. ಸ್ಕ್ರೀನ್ ಫೇಲ್ ಜಾಸ್ತಿಯಾಗಿದೆ ಅಂತ, ಸ್ಪಾನ್ಸರ್ ಪರವಾಗಿ ದಾಖಲೆ ನೋಡುವ ಮಾನಿಟರ್ ಕ್ವೆರಿ ಹಾಕಿ ಕಾರಣ ಕೇಳಿದ್ದಾರೆ. ಕಾರಣದ ಜಾಗದಲ್ಲಿ ಈ ಪಠ್ಯವನ್ನೇ ಲಗತ್ತಿಸಿ ಕಳಿಸಿದ್ದೇನೆ.