ನಮ್ಮ ಹಾಕಿ ಸರ್

ಕಾಲೇಜಿನಲ್ಲಿ ಅವರನ್ನು ಯಾರೂ ಕೋಚ್ ಅನ್ನುತ್ತಿರಲಿಲ್ಲ. ಪ್ರಿನ್ಸಿಪಾಲರಿಂದ ಹಿಡಿದು ಅಟೆಂಡರ್‌ವರೆಗೆ ಎಲ್ಲರಿಗೂ ಅವರು ಹಾಕಿ ಸರ್. ನಾನು ಡಿಗ್ರಿಗೆ ಸೇರಿದ್ದು 1990ರ ದಶಕದ ನಡುವೆ. ಅಷ್ಟರಲ್ಲಿ ಅವರ ಆಟದ ದಿನಗಳು ಮುಗಿದು ಕೆಲವು ವರ್ಷ ಆಗಿತ್ತು.

ಅವರು ಆಡಲು ಕಲಿತದ್ದು ಮಣ್ಣಿನ ಮೈದಾನದಲ್ಲಿ. 1975ರಲ್ಲಿ ಕೌಲಾಲಂಪುರದಲ್ಲಿ ಭಾರತ ಪಾಕಿಸ್ತಾನವನ್ನು 2–1ರಿಂದ ಸೋಲಿಸಿ ವಿಶ್ವಕಪ್ ಗೆದ್ದಾಗ ಅವರಿನ್ನೂ ಕಾಲೇಜು ಹುಡುಗ. ಆ ಪಂದ್ಯದಲ್ಲಿ ಅಶೋಕ್ ಕುಮಾರ್ ಹೊಡೆದ ಗೆಲುವಿನ ಗೋಲಿನ ಕಥೆ ಹೇಳುವಾಗಲೆಲ್ಲ ಸ್ಟಿಕ್ ಹಿಡಿದು ಎದ್ದೇ ನಿಲ್ಲುತ್ತಿದ್ದರು. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹಾಕಿಗೆ ಟರ್ಫ್, ಅಂದರೆ ಹುಲ್ಲಿನಂಥ ಕೃತಕ ಹಾಸು ಬಂತು, ಭಾರತ ಏಳನೇ ಸ್ಥಾನಕ್ಕೆ ಇಳಿಯಿತು. ಆ ಕಥೆ ಮಾತ್ರ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು: ‘ಆಟ ಬದಲಾಯ್ತು, ನಾವು ಬದಲಾಗಲಿಲ್ಲ.’

ಯೂನಿವರ್ಸಿಟಿ ಟೀಮಿನಲ್ಲಿ ಸರ್ ರೈಟ್ ಹಾಫ್, ಅಂದರೆ ನಡು ಮೈದಾನದ ಬಲಬದಿಯ ಆಟಗಾರ. ಆಮೇಲೆ ಸ್ಪೋರ್ಟ್ಸ್ ಕೋಟಾದಲ್ಲಿ ನೌಕರಿ, ಇಲಾಖೆಯ ಟೀಮಿಗೆ ಆಟ. ಟರ್ಫ್ ಮೇಲೆ ಮೊದಲ ಸಲ ಕಾಲಿಟ್ಟಾಗ ವಯಸ್ಸು ಇಪ್ಪತ್ತೆಂಟು ದಾಟಿತ್ತಂತೆ. ರಾಜ್ಯ ತಂಡದ ಆಯ್ಕೆಗೆ ಹೋದರು, ಆಗಲಿಲ್ಲ. ಕಾಯಂ ನೌಕರಿ ಬಿಟ್ಟು ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ (ಎನ್‌ಐಎಸ್) ಕೋಚಿಂಗ್ ಡಿಪ್ಲೊಮಾಗೆ ಸೇರಿಕೊಂಡರು. ಮನೆಯಲ್ಲಿ ಏನು ರಾದ್ಧಾಂತ ಆಗಿರಬೇಕು, ಊಹಿಸಿಕೊಳ್ಳಿ. ಅದರ ಬಗ್ಗೆ ಅವರು ಬಾಯಿ ಬಿಟ್ಟವರಲ್ಲ.

ನಮಗಿದ್ದದ್ದೂ ಮಣ್ಣಿನ ಮೈದಾನವೇ. ಟೂರ್ನಿಗೆ ಹೋದರೆ ಟರ್ಫ್. ಅಲ್ಲಿ ಚೆಂಡು ಪುಟಿಯುವುದಿಲ್ಲ, ಸರ್ರನೆ ಜಾರಿಕೊಂಡು ಬರುತ್ತದೆ. ಸ್ಟಿಕ್ ಇಡುವಷ್ಟರಲ್ಲಿ ದಾಟಿ ಹೋಗಿರುತ್ತದೆ. ಅದಕ್ಕೆ ಸರ್ ಕಂಡುಕೊಂಡಿದ್ದ ದಾರಿ ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಸಿಮೆಂಟ್ ನೆಲ. ಬೆಳಿಗ್ಗೆ ಬಕೆಟಿನಲ್ಲಿ ನೀರು ಚೆಲ್ಲಿಸಿ, ಹತ್ತು ಹೆಜ್ಜೆ ದೂರದಿಂದ ಚೆಂಡನ್ನು ಜೋರಾಗಿ ಪುಶ್ ಮಾಡುತ್ತಿದ್ದರು. ನಾವು ಮಂಡಿ ಬಗ್ಗಿಸಿ, ಸ್ಟಿಕ್ ಅನ್ನು ನೆಲಕ್ಕೆ ಅಡ್ಡವಾಗಿ ಮಲಗಿಸಿ ತಡೆಯಬೇಕು. ಬೆರಳ ಗೆಣ್ಣು ಸಿಮೆಂಟಿಗೆ ಉಜ್ಜಿ ಚರ್ಮ ಕಿತ್ತು ಬರುತ್ತಿತ್ತು. ‘ಕೈ ನೋವಾಯ್ತಾ? ಹಾಗಾದ್ರೆ ಸರಿಯಾಗಿ ಬಗ್ಗಿದ್ದೀಯ’ ಅನ್ನುತ್ತಿದ್ದರು.

ಸ್ಟಿಕ್ ತಿರುಗಿಸುವುದು ಎಡಗೈ, ಬಲಗೈ ಸುಮ್ನೆ ಆಸರೆ ಅಂತ ಅವರು ಹೇಳದ ದಿನವಿಲ್ಲ. ಹಾಕಿಯಲ್ಲಿ ಎಡಚರಿಗೆ ಅಂತ ಬೇರೆ ಸ್ಟಿಕ್ ಇಲ್ಲ, ಎಲ್ಲರೂ ಸ್ಟಿಕ್ಕಿನ ಚಪ್ಪಟೆ ಮುಖದಲ್ಲೇ ಆಡಬೇಕು. ನಮ್ಮಲ್ಲಿದ್ದ ಒಬ್ಬ ಎಡಚ ಹುಡುಗ ತನಗೆ ಈ ಆಟ ಆಗಿಬರಲ್ಲ ಅಂತ ಕೂತಿದ್ದ. ಸರ್ ಒಂದು ತಿಂಗಳು ಅವನಿಗೆ ಬಲಗೈ ಜೇಬಿನಲ್ಲಿಡಿಸಿ, ಎಡಗೈ ಒಂದರಲ್ಲೇ ಡ್ರಿಬಲ್ ಮಾಡಿಸಿದರು. ಅವನೇ ಮುಂದೆ ನಮ್ಮ ಒಳ್ಳೆಯ ಇನ್‌ಸೈಡ್ ಲೆಫ್ಟ್, ಎಡಬದಿಯ ಒಳಗಿನ ಫಾರ್ವರ್ಡ್.

ಫಾರ್ವರ್ಡ್‌ಗಳನ್ನು ಕಂಡರೆ ಅವರಿಗೆ ಅಷ್ಟಕ್ಕಷ್ಟೆ. ಗೋಲು ಹೊಡೆದವನಿಗೆ ಶಹಬ್ಬಾಸ್ ಇಲ್ಲ, ಅವನಿಗೆ ಪಾಸ್ ಕೊಟ್ಟ ಹಾಫ್ ಯಾರು ಅಂತ ಕೇಳುತ್ತಿದ್ದರು. ಫಾರ್ವರ್ಡ್ ಆಗಿದ್ದ ನನಗೆ ಇದು ಅನ್ಯಾಯ ಅನಿಸುತ್ತಿತ್ತು, ಈಗಲೂ ಅನಿಸುತ್ತದೆ.

ಆ ದಶಕದ ಉತ್ತರಾರ್ಧದಲ್ಲಿ ಆಫ್‌ಸೈಡ್ ನಿಯಮ ಹೋಯಿತು; ಎದುರಾಳಿಯ ಡಿಫೆಂಡರ್‌ಗಳನ್ನು ದಾಟಿ ಗೋಲಿನ ಬಳಿ ಮೊದಲೇ ನಿಂತು ಪಾಸ್ ಪಡೆಯಲು ಅದು ಬಿಡುತ್ತಿರಲಿಲ್ಲ. ಹಳೇ ಆಟಗಾರರು ಆಟವೇ ಕೆಟ್ಟಿತು ಅಂತ ಬೈದರು. ಸರ್ ಮಾತ್ರ ಹೊಸ ರೂಲ್ ಬುಕ್ ತರಿಸಿ, ಸಂಜೆ ನಮ್ಮನ್ನೆಲ್ಲ ಕೂರಿಸಿ ಓದಿಸಿದರು. ಟೀಮಿನ ಮಹಾ ಸೋಮಾರಿ ಫಾರ್ವರ್ಡನ್ನು ಎದುರಾಳಿಯ ಗೋಲ್ ಪೋಸ್ಟ್ ಪಕ್ಕ ನಿಲ್ಲಿಸಿ, ಬಂದ ಚೆಂಡಿಗೆ ಸ್ಟಿಕ್ ತಾಗಿಸಿದರೆ ಸಾಕು ಅಂದರು. ಆ ಸೀಸನ್ನಿನಲ್ಲಿ ಎಲ್ಲರಿಗಿಂತ ಜಾಸ್ತಿ ಗೋಲು ಅವನದೇ. ಹೊಟ್ಟೆ ಉರಿಯದೆ ಇರುತ್ತಾ?

ಸರ್ ನಿವೃತ್ತರಾದರು. ನಾನು ಈಗ ಶಾಲೆಯೊಂದರ ಮಕ್ಕಳಿಗೆ ಹಾಕಿ ಕಲಿಸುತ್ತೇನೆ. ಪಂದ್ಯದ ಎರಡು ಅರ್ಧಗಳು ಹೋಗಿ ಹದಿನೈದು ನಿಮಿಷದ ನಾಲ್ಕು ಕ್ವಾರ್ಟರ್ ಬಂದಾಗ ಅವರೇ ಫೋನ್ ಮಾಡಿದರು. ‘ಎರಡು ನಿಮಿಷದ ಬ್ರೇಕಲ್ಲಿ ಹುಡುಗರಿಗೆ ಏನೇನು ಹೇಳ್ತೀಯ?’ ನಾನು ಉತ್ಸಾಹದಿಂದ ಮಾರ್ಕಿಂಗ್, ಪ್ರೆಸ್ಸಿಂಗ್, ಪೆನಾಲ್ಟಿ ಕಾರ್ನರ್ ಅಂತ ಪಟ್ಟಿ ಒಪ್ಪಿಸಿದೆ. ಕೇಳಿಸಿಕೊಂಡು ಅಂದರು: ‘ಜಾಸ್ತಿ ಆಯ್ತು ಕಣಯ್ಯಾ. ಮೊದಲು ನೀರು ಕುಡಿಸು.’