ತಿರುವೈಯಾರಿನ ಆರಾಧನೆಗೆ ಹೋಗುವವರಿಗೆ

ಕರ್ನಾಟಕ ಸಂಗೀತದ ವಾಗ್ಗೇಯಕಾರ ತ್ಯಾಗರಾಜರ ಆರಾಧನೆಗೆ, ಅಂದರೆ ಅವರ ಪುಣ್ಯತಿಥಿಯ ಸಂಗೀತೋತ್ಸವಕ್ಕೆ, ತಮಿಳುನಾಡಿನ ತಿರುವೈಯಾರಿಗೆ ಹೋಗುವ ಆಸೆಯಿದ್ದರೆ ಅಲ್ಲಿ ಎಲ್ಲರೂ ಸೇರಿ ಹಾಡುವ ಅವರ ಐದು ಪಂಚರತ್ನ ಕೃತಿಗಳ ಪಾಠವನ್ನು ಆರು ತಿಂಗಳು ಮೊದಲೇ ಶುರುಮಾಡಿ. ರೈಲು, ರೂಮು ಆಮೇಲೆ ನೋಡಿಕೊಂಡರಾಯಿತು. ಸಂಗೀತದ ಗೆಳತಿಯರ ಜೊತೆ ಹೋಗಿಬಂದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇದೇ. ಬರೀ ಕೇಳಲು ಹೋದವರಿಗೆ ಅಲ್ಲಿ ಸಿಗುವುದು ಅರ್ಧ, ದನಿಗೂಡಿಸಿದವರಿಗೆ ಪೂರ್ತಿ.

1847ರಲ್ಲಿ ತ್ಯಾಗರಾಜರು ತೀರಿಕೊಂಡ ತಿಥಿ ಪುಷ್ಯ ಬಹುಳ ಪಂಚಮಿ. ಸಾಮಾನ್ಯವಾಗಿ ಜನವರಿಯಲ್ಲಿ ಬರುತ್ತದೆ, ಪಂಚಾಂಗ ನೋಡಿ ದಿನ ಗೊತ್ತುಮಾಡಿಕೊಳ್ಳಿ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಪೊಂಗಲ್ ಆಸುಪಾಸಿಗೆ ಪಂಚಮಿ ಬಿದ್ದರೆ ಬುಕಿಂಗ್ ತೆರೆದ ದಿನವೇ ಟಿಕೆಟ್ ಮಾಡಿಸದೆ ಬೇರೆ ದಾರಿಯಿಲ್ಲ. ಮೈಸೂರಿನಿಂದ ಬೆಂಗಳೂರಿನ ಮೇಲೆ ಹಾದು ಮಯಿಲಾಡುತುರೈ ಕಡೆಗೆ ಹೋಗುವ ರೈಲು ಹಿಡಿದರೆ ರಾತ್ರಿ ಮಲಗಿ ಬೆಳಗ್ಗೆ ತಂಜಾವೂರಿನಲ್ಲಿ ಇಳಿಯಬಹುದು. ಉಳಿಯುವುದಕ್ಕೂ ತಂಜಾವೂರೇ ಅನುಕೂಲ, ಲಾಡ್ಜ್‌ಗಳು ಅಲ್ಲೇ ಹೆಚ್ಚು. ತಿರುವೈಯಾರು ಅಲ್ಲಿಂದ ಹದಿಮೂರು ಕಿಲೋಮೀಟರ್ ಆಸುಪಾಸು, ಬಸ್ಸುಗಳು ಬೇಕಾದಷ್ಟಿವೆ. ಆ ದಾರಿಯಲ್ಲಿ ಕಿಟಕಿ ಪಕ್ಕ ಕೂರಿ. ವೆಣ್ಣಾರು, ವೆಟ್ಟಾರು, ಕುಡಮುರುಟ್ಟಿ ಎಂದು ಕಾವೇರಿಯ ಕವಲುಗಳನ್ನು ಒಂದಾದಮೇಲೊಂದು ದಾಟುತ್ತ ಹೋಗುತ್ತೀರಿ. ತಲಕಾವೇರಿಯನ್ನು ಕಂಡವರಿಗೆ ನದಿ ಇಲ್ಲಿ ಇಷ್ಟು ಕೈಯಾಗಿ ಹರಡಿದ್ದು ನೋಡಿ ಮನಸ್ಸು ತುಂಬುತ್ತದೆ.

ಪಂಚಮಿಯ ಬೆಳಗ್ಗೆ ಒಂಬತ್ತರ ಹೊತ್ತಿಗೆ ಪಂಚರತ್ನ ಗಾಯನ. ಆದರೆ ನೀವು ಏಳಕ್ಕೆಲ್ಲ ತ್ಯಾಗರಾಜರ ಸಮಾಧಿಯ ಬಳಿಯ ಚಪ್ಪರದಲ್ಲಿರಬೇಕು. ಪ್ರವೇಶಕ್ಕೆ ಟಿಕೆಟ್ ಇಲ್ಲ, ಬೇಗ ಬಂದವರಿಗೆ ಜಾಗ. ಸಮಾಧಿಯ ಮುಂದಿನ ಸಾಲುಗಳು ಕಲಾವಿದರಿಗೆ. ಗಂಡಸರದೊಂದು ಕಡೆ, ಹೆಂಗಸರದೊಂದು ಕಡೆ, ಎದುರುಬದುರು ಸಾಲು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಹೊತ್ತುಗಟ್ಟಲೆ ಕೂರಬೇಕಾದ್ದರಿಂದ ಮಂಡಿನೋವಿನ ಹಿರಿಯರನ್ನು ಕರೆದೊಯ್ಯುವವರು ಅಂಚಿನಲ್ಲೇ ಜಾಗ ಹಿಡಿಯಿರಿ. ನೀರು ಕೈಯಲ್ಲಿರಲಿ. ಶುರುವಾದ ಮೇಲೆ ಎದ್ದು ಹೊರಹೋಗುವುದು ಕಷ್ಟ.

ಮೊದಲು ಕೊಳಲಿನವರೆಲ್ಲ ಸೇರಿ ನುಡಿಸುತ್ತಾರೆ. ಆಮೇಲೆ ನಾಟ, ಗೌಳ, ಆರಭಿ, ವರಾಳಿ, ಶ್ರೀ ರಾಗಗಳ ಐದು ಕೃತಿ. ಈ ಕ್ರಮ ತಪ್ಪುವುದಿಲ್ಲ, ಐದೂ ಆದಿತಾಳ. ನಾಟದ ಕೃತಿ ಮಾತ್ರ ಸಂಸ್ಕೃತ, ಉಳಿದ ನಾಲ್ಕೂ ತೆಲುಗು. ಸ್ವರ, ಸಾಹಿತ್ಯ ಎರಡನ್ನೂ ಹಾಡುವುದರಿಂದ ಕನ್ನಡ ಲಿಪಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದ ಪುಸ್ತಕ ಒಯ್ಯಿರಿ. ಆ ಗುಂಪಿನಲ್ಲಿ ಫೋನು ತೆಗೆದು ಓದುವುದು ಆಗದ ಮಾತು. ಪಾಠಾಂತರದಲ್ಲಿ, ಅಂದರೆ ಕೃತಿಯನ್ನು ಹಾಡುವ ರೀತಿಯಲ್ಲಿ, ಅಲ್ಲಲ್ಲಿ ನಿಮ್ಮ ಗುರುಗಳು ಹೇಳಿಕೊಟ್ಟದ್ದಕ್ಕೂ ಅಲ್ಲಿ ಹಾಡುವುದಕ್ಕೂ ವ್ಯತ್ಯಾಸ ಬಂದೀತು. ಆ ಹೊತ್ತಿಗೆ ಗೋಷ್ಠಿಯ ಜೊತೆ ಹೋಗಿ, ಸರಿ ತಪ್ಪು ಮನೆಗೆ ಬಂದ ಮೇಲೆ ಚರ್ಚಿಸಿ. ವರಾಳಿಯನ್ನು ಗುರು ಶಿಷ್ಯರಿಗೆ ನೇರವಾಗಿ ಹೇಳಿಕೊಡಬಾರದು ಎಂಬ ನಂಬಿಕೆ ಇರುವುದರಿಂದ ಅನೇಕರಿಗೆ ಅದು ಪೂರ್ತಿ ಬರುವುದಿಲ್ಲ. ನಮ್ಮ ಸುತ್ತಮುತ್ತ ಅಲ್ಲಿ ದನಿ ತೆಳುವಾಯಿತು. ಶ್ರೀರಾಗ ಬಂದೊಡನೆ ಇಡೀ ಚಪ್ಪರ ಎದ್ದುನಿಂತಂತೆ ಹಾಡಿತು. ಕಲಿಯಲು ಸಮಯ ಕಡಿಮೆಯಿದ್ದವರು ಶ್ರೀರಾಗದ್ದನ್ನಾದರೂ ಬಾಯಿಪಾಠ ಮಾಡಿಕೊಂಡು ಹೋಗಿ. ಸಾವಿರ ಕಂಠದ ನಡುವೆ ನಮ್ಮ ದನಿ ನಮಗೇ ಕೇಳಿಸದೆ ಹೋಗುವ ಆ ಕ್ಷಣ ಬೇರೆಲ್ಲೂ ಸಿಗಲಾರದು.

ಹೆಂಗಸರು ಹೀಗೆ ಸಾಲಾಗಿ ಕೂತು ಹಾಡುತ್ತಿರುವುದರ ಹಿಂದೆ ನಮ್ಮ ನಂಜನಗೂಡಿನಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳಿದ್ದಾಳೆ. ಸಮಾಧಿ ಹಾಳುಬಿದ್ದಿದ್ದನ್ನು ಕೇಳಿ ಗಾಯಕಿ ಬೆಂಗಳೂರು ನಾಗರತ್ನಮ್ಮ ತಮ್ಮ ಗಳಿಕೆಯನ್ನೆಲ್ಲ ಸುರಿದು 1920ರ ದಶಕದಲ್ಲಿ ಅಲ್ಲಿ ಗುಡಿ ಕಟ್ಟಿಸಿದರು. ಆಗ ಆರಾಧನೆಯಲ್ಲಿ ಹೆಂಗಸರಿಗೆ ಹಾಡುವ ಅವಕಾಶವಿರಲಿಲ್ಲ. ದೇವದಾಸಿ ಕುಲದ ನಾಗರತ್ನಮ್ಮ ಹೆಂಗಸರದ್ದೇ ಗುಂಪು ಕಟ್ಟಿ ಹಾಡಿಸಿದರು. ಆರಾಧನೆಯನ್ನು ಬೇರೆಬೇರೆಯಾಗಿ ನಡೆಸುತ್ತಿದ್ದ ಬಣಗಳು ಒಂದಾದದ್ದು 1940ರ ಸುಮಾರಿಗೆ. 1952ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಅಲ್ಲೇ ಇದೆ. ತ್ಯಾಗರಾಜರತ್ತ ಮುಖಮಾಡಿ ಕುಳಿತ ಅವರ ಮೂರ್ತಿಯನ್ನು ನೂಕುನುಗ್ಗಲಿನಲ್ಲಿ ಗಮನಿಸದೆ ಹೋಗುವವರೇ ಹೆಚ್ಚು. ಕನ್ನಡದವರು ನಿಂತು ಕೈಮುಗಿದೇ ಬರಬೇಕು.

ಪಂಚಮಿಗೆ ಒಂದೆರಡು ದಿನ ಮೊದಲೇ ಹೋದರೆ ಕಛೇರಿಗಳನ್ನೂ ಕೇಳಬಹುದು. ಬೆಳಗ್ಗೆಯಿಂದ ತಡರಾತ್ರಿಯವರೆಗೆ ಒಬ್ಬರಾದ ಮೇಲೊಬ್ಬರು, ತಲಾ ಇಪ್ಪತ್ತು ನಿಮಿಷದ ಆಸುಪಾಸು. ವಿಸ್ತಾರವಾದ ಆಲಾಪನೆ, ತನಿ ಆವರ್ತನ (ಮೃದಂಗದಂಥ ತಾಳವಾದ್ಯಗಳ ಒಂಟಿ ವಾದನ) ಬಯಸುವವರಿಗೆ ಚೆನ್ನೈಯ ಡಿಸೆಂಬರ್ ಕಛೇರಿಗಳೇ ಸರಿ. ಇಲ್ಲಿ ಹೆಸರಾಂತ ವಿದ್ವಾಂಸರೂ ಒಂದೆರಡು ಕೃತಿ ಹಾಡಿ ಎದ್ದುಹೋಗುತ್ತಾರೆ. ನನಗೆ ಹೆಚ್ಚು ಇಷ್ಟವಾದದ್ದು ಹೆಸರೇ ಕೇಳದ ಎಳೆಯರು ಮಧ್ಯಾಹ್ನದ ಬಿಸಿಲಿನಲ್ಲಿ ಹಾಡಿದ್ದು. ದೊಡ್ಡವರ ಸರದಿಗೆ ಕಾಯುತ್ತ ಅದನ್ನು ಕಳೆದುಕೊಳ್ಳಬೇಡಿ.

ತ್ಯಾಗರಾಜರು ಬಾಳಿದ ಮನೆಯಿದ್ದ ತಿರುಮಂಜನ ಬೀದಿಗೂ ಹೋಗಿಬನ್ನಿ. ಮನೆ ಹೊಸದಾಗಿ ಕಟ್ಟಿದ್ದು. ಪಂಚಮಿಯ ಬೆಳಗ್ಗೆ ಉಂಛವೃತ್ತಿಯ, ಅಂದರೆ ಹಾಡುತ್ತ ಭಿಕ್ಷೆ ಎತ್ತುವ, ಮೆರವಣಿಗೆ ಅಲ್ಲಿಂದಲೇ ಹೊರಡುತ್ತದೆ. ಅದರ ಜೊತೆ ನಡೆದರೆ ಚಪ್ಪರದಲ್ಲಿ ಮುಂದಿನ ಜಾಗ ಸಿಗುವುದಿಲ್ಲ, ಯಾವುದು ಬೇಕೆಂದು ಮೊದಲೇ ತೀರ್ಮಾನಿಸಿ. ಕಾವೇರಿಯಲ್ಲಿ ನೀರಿನ ಸೆಳೆತ ನೋಡಿಕೊಂಡೇ ಇಳಿಯಿರಿ.

ಪಂಚಮಿಯ ರಾತ್ರಿ ಆಂಜನೇಯೋತ್ಸವದೊಂದಿಗೆ ಆರಾಧನೆ ಮುಗಿಯುತ್ತದೆ. ವಾಪಸಿನ ರೈಲು ತಂಜಾವೂರಿನಿಂದ ಸಂಜೆ ಹೊರಡುವುದರಿಂದ ಮಾರನೆಯ ದಿನಕ್ಕೇ ಟಿಕೆಟ್ ಮಾಡಿಸಿ. ಹಗಲು ಬೃಹದೀಶ್ವರನ ಗುಡಿಗೆ ಸಿಗುತ್ತದೆ. ಮಧ್ಯಾಹ್ನ ಗರ್ಭಗುಡಿ ಮುಚ್ಚಿರುತ್ತದೆ, ಬೆಳಗ್ಗೆಯೇ ಹೋಗಿ.