ಚೆನ್ನಾಗಿ ಕಾಣುತ್ತಲ್ಲ ಸಾರ್

ಮಂಗಳವಾರದಿಂದ ಅಪ್ಪನ ಒಂದು ಮಾತು ತಲೆಯಿಂದ ಹೋಗುತ್ತಲೇ ಇಲ್ಲ. "ಶುಗರ್ ಬಂದು 11 ವರ್ಷ ಆಯ್ತು ಅಂತೀರಿ. ಹನಿ ಹಾಕಿಸಿಕೊಂಡು ಕಣ್ಣಿನ ಒಳಗೆ ಯಾವಾಗ ತೋರಿಸಿದ್ದಿರಿ?" ಎಂದು ಕಣ್ಣಿನ ಡಾಕ್ಟರ್ ಕೇಳಿದರು. ಅಪ್ಪ ಅಷ್ಟೇ ಸಹಜವಾಗಿ, "ಚೆನ್ನಾಗಿ ಕಾಣುತ್ತಲ್ಲ ಸಾರ್, ಯಾಕೆ ತೋರಿಸಬೇಕು?" ಎಂದರು.

ಡಾಕ್ಟರ್ ಬೈಯಲಿಲ್ಲ. ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಕಿತ್ತಳೆ ಬಣ್ಣದ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಪರದೆ. ಅದರ ಮೇಲೆ ಸೂಜಿ ಚುಚ್ಚಿದ ಹಾಗೆ ಕೆಂಪು ಚುಕ್ಕೆಗಳು, ಒಂದು ಬದಿಗೆ ಬೆಣ್ಣೆ ಬಣ್ಣದ ಕಲೆ. ಸಣ್ಣ ರಕ್ತನಾಳಗಳು ಉಬ್ಬಿ, ಸೋರಿದ ಗುರುತು. ಆ ಕಣ್ಣಿನಲ್ಲೇ ಅಪ್ಪ ಬೆಳಿಗ್ಗೆ ಪೇಪರ್ ಓದಿ ಬಂದಿದ್ದರು!

ನಾನು ಕವರಿನಿಂದ ರಕ್ತದ ರಿಪೋರ್ಟ್ ತೆಗೆದೆ. ನ್ಯೂಟ್ರೋಫಿಲ್ 72, ಲಿಂಫೋಸೈಟ್ 18; ಎರಡೂ ಬಿಳಿ ರಕ್ತಕಣದ ಬಗೆಗಳು, ಶೇಕಡಾ ಲೆಕ್ಕ. ಭಾಗಿಸಿದರೆ 4. ಇದಕ್ಕೆ ಎನ್‌ಎಲ್‌ಆರ್ ಅಂತಾರೆ, ಮೈಯೊಳಗಿನ ಉರಿಯೂತದ ಒಂದು ಸುಳಿವು ಎಂದು ಲ್ಯಾಬಿನಲ್ಲಿ ಕೆಲಸ ಮಾಡುವ ತಂಗಿ ಹೇಳಿದ್ದಳು. ಶುಗರ್‌ನಿಂದ ಕಣ್ಣಿನ ಒಳಗೆ ಹಾನಿಯಾದವರಲ್ಲಿ ಈ ಲೆಕ್ಕ ಜಾಸ್ತಿ ಇರುತ್ತದೆ ಎಂದು ಎಷ್ಟೋ ಅಧ್ಯಯನಗಳು ಹೇಳಿವೆಯಂತೆ. ಹಾಗಾದರೆ ಇದರಲ್ಲೇ ಗೊತ್ತಾಗುತ್ತಿತ್ತಲ್ವಾ, ಎಂದೆ.

"ಸಂಬಂಧ ಇದೆ. ಸಕ್ಕರೆಗೆ ನಾಳದ ಒಳಗೋಡೆ ಕೆರಳುತ್ತೆ, ಬಿಳಿ ರಕ್ತಕಣ ಹೋಗಿ ಅಲ್ಲಿ ಅಂಟಿಕೊಳ್ಳುತ್ತೆ. ಆದ್ರೆ ಜ್ವರ ಬಂದ್ರೂ, ಸ್ಟೀರಾಯ್ಡ್ ನುಂಗಿದ್ರೂ ಈ ನಂಬರ್ ಏರುತ್ತೆ. ಕಣ್ಣಿನ ವಿಷಯ ಕಣ್ಣನ್ನೇ ನೋಡಿ ಹೇಳಬೇಕಮ್ಮ" ಎಂದರು. ಟೈಪ್ 2 ಶುಗರ್ ಗೊತ್ತಾದ ದಿನಗಳಲ್ಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ತೋರಿಸಬೇಕಿತ್ತಂತೆ.

ನನಗೆ ಸಿಟ್ಟು ಬಂದದ್ದು ಇಲ್ಲೇ. ಮೂರು ತಿಂಗಳಿಗೊಮ್ಮೆ ಅಪ್ಪನನ್ನು ನೋಡುವ ನಮ್ಮ ಡಾಕ್ಟರ್ ಒಳ್ಳೆಯವರು, ರಾತ್ರಿ ಫೋನ್ ಮಾಡಿದರೂ ಎತ್ತುತ್ತಾರೆ. ಆದರೆ 11 ವರ್ಷದಲ್ಲಿ ಒಮ್ಮೆಯೂ ಕಣ್ಣು ತೋರಿಸಿ ಎನ್ನಲಿಲ್ಲ. ನಾನಾದರೂ ಕೇಳಿದೆನಾ? ಕನ್ನಡಕ ಬದಲಿಸುವಾಗ ಅಂಗಡಿಯಲ್ಲಿ ಅಕ್ಷರ ಓದಿಸಿದ್ದನ್ನೇ ಕಣ್ಣಿನ ಪರೀಕ್ಷೆ ಅಂದುಕೊಂಡಿದ್ದೆ.

ಸದ್ಯ ಇಂಜೆಕ್ಷನ್, ಲೇಸರ್ ಬೇಡ. ಶುಗರ್, ಬಿಪಿ ಹಿಡಿತದಲ್ಲಿಡಬೇಕು, 6 ತಿಂಗಳಿಗೆ ಮತ್ತೆ ಹೋಗಬೇಕು.

ಮನೆಗೆ ಬಂದಾಗ ಹನಿಯ ಮಂಜು ಇಳಿದಿರಲಿಲ್ಲ. ಅಪ್ಪ ಮೊಬೈಲನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಕೊನೆಗೆ ನನ್ನ ಕೈಗಿಟ್ಟು, "ಅಣ್ಣಂಗೆ ಶುಗರ್ ಬಂದು 15 ವರ್ಷ ಆಯ್ತು. ಫೋನ್ ಮಾಡಿಕೊಡು" ಎಂದರು.